ಮೊದಲು ಆದೇಶದ ಪ್ರತಿ ಕೇಳು

ಪುಟ್ಟಿ,

ನಿನ್ನ ಕೆರೆ ವಿಡಿಯೊ ತೆಗೆಸಿಹಾಕಿದ್ದಾರೆ, ನೀನು ರಾತ್ರಿಯೆಲ್ಲ ಸರ್ಕಾರವನ್ನು ಬೈದು ಪೋಸ್ಟ್ ಹಾಕುತ್ತ ಕೂತಿದ್ದೆ ಎಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಬೈಯುವುದು ಇದ್ದೇ ಇದೆ. ಕೋರ್ಟು ಕಚೇರಿ ಅಲೆದು ತಲೆ ನರೆತ ಮಾವನ ಮಾತು ಒಂಚೂರು ಕೇಳು.

‘ಕಾನೂನಿನ ಕೋರಿಕೆಯಂತೆ ಭಾರತದಲ್ಲಿ ಲಭ್ಯವಿಲ್ಲ’ ಎಂದು ಬಂದಿದೆಯಲ್ಲ, ಅದರ ಸ್ಕ್ರೀನ್‌ಶಾಟ್ ತೆಗೆದಿಡು. ತಾರೀಖು, ವೇಳೆ, ಲಿಂಕ್ ಮೂರೂ ಕಾಣಬೇಕು. ಮೂಲ ವಿಡಿಯೊ ಪೆನ್‌ಡ್ರೈವ್‌ಗೆ ಹಾಕು. ಆಮೇಲೆ ವಿಡಿಯೊ ಹಾಕಿದ್ದ ಜಾಲತಾಣದ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆ: ತೆಗೆಸಿದ್ದು ಯಾವ ಇಲಾಖೆ? ಯಾವ ಸೆಕ್ಷನ್? ಆದೇಶದ ಪ್ರತಿ ಕೊಡಿ.

ಸೆಕ್ಷನ್ ಗೊತ್ತಾಗದೆ ಮುಂದೆ ಹೆಜ್ಜೆ ಇಡಲಾಗದು. ಐಟಿ ಕಾಯ್ದೆಯ 69ಎ ಆಗಿದ್ದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಎಣಿಸಿಟ್ಟ ಕಾರಣಗಳಲ್ಲಿ ಒಂದು ಇರಲೇಬೇಕು. ಕೆರೆಗೆ ಕೊಳಚೆ ಬಿಟ್ಟಿದ್ದನ್ನು ತೋರಿಸಿದರೆ ಯಾವ ಭದ್ರತೆ ಕುಸಿಯುತ್ತದಪ್ಪ? 79(3)(ಬಿ) ಆಗಿದ್ದರೆ, ಐಟಿ ನಿಯಮಗಳಿಗೆ 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿ ಇದೆ: ಹಿರಿಯ ಅಧಿಕಾರಿಯೇ ಬರೆಯಬೇಕು, ಕಾನೂನಿನ ಆಧಾರ ಹೇಳಬೇಕು, ಲಿಂಕ್ ನಮೂದಿಸಬೇಕು. ಠಾಣೆಯಿಂದ ಯಾರೋ ‘ತೆಗೆದುಬಿಡಮ್ಮ’ ಅಂದರೆ ಅದು ಆದೇಶವಲ್ಲ.

69ಎ ಅಡಿ ಮಾಡಿದ 2009ರ ನಿಯಮಾವಳಿಯ 16ನೇ ನಿಯಮ ತೋರಿಸಿ, ಗೋಪ್ಯ, ಕೊಡಲಾಗದು ಎನ್ನಬಹುದು. ನನಗೆ ಮೈ ಉರಿಯುವುದು ಇಲ್ಲೇ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್ ಮಾತನ್ನು ಅಪರಾಧವಾಗಿಸಿದ್ದ 66ಎ ಕಿತ್ತುಹಾಕಿತು, 69ಎ ಉಳಿಸಿತು. ಉಳಿಸುವಾಗ ಕೊಟ್ಟ ಸಮರ್ಥನೆಗಳಲ್ಲಿ ಒಂದು, ಕಾರಣಗಳನ್ನು ಬರೆದಿಡಬೇಕಾದ್ದರಿಂದ ರಿಟ್ ಅರ್ಜಿ ಹಾಕಿ ಪ್ರಶ್ನಿಸಬಹುದು ಎಂಬುದು. ಕಾಗದವನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಪ್ರಶ್ನಿಸುವುದು ಏನನ್ನು? ಕೊಡುವುದಿಲ್ಲ ಎಂಬುದನ್ನೂ ಬರಹದಲ್ಲೇ ಪಡೆದುಕೋ. ಹೈಕೋರ್ಟಿಗೆ ಹೋಗುವ ದಿನ ಬಂದರೆ ಅರ್ಜಿಗೆ ಲಗತ್ತಿಸಲು ಬೇಕು.

ಕಂಪನಿ ನಿನ್ನ ಪರ ಬಡಿದಾಡುತ್ತದೆಂದು ಕಾಯಬೇಡ. ಹೀಗೆ ತೆಗೆಯಿರಿ ಎಂದು ಕಂಪನಿಗಳಿಗೆ ನೋಟಿಸ್ ಕಳಿಸುವ ಸರ್ಕಾರದ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ ಕಾರ್ಪ್ ಹಾಕಿದ ಅರ್ಜಿಯನ್ನು ನಮ್ಮ ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ನಾಗರಿಕರಿಗೆ, ವಿದೇಶಿ ಕಂಪನಿಗಲ್ಲ ಎಂದಿತು. ಆ ತೀರ್ಪು ಒಟ್ಟಾರೆ ನನಗೆ ಒಪ್ಪಿಗೆಯಿಲ್ಲ. ಆದರೆ ಈ ಮಾತನ್ನು ಮಾತ್ರ ನೀನು ಗಟ್ಟಿಯಾಗಿ ಹಿಡಿದುಕೋ. ಕಂಪನಿಗೆ ಇಲ್ಲದ ಹಕ್ಕು ನಿನಗಿದೆ.

ನಿನ್ನ ತಮ್ಮ ವಿಪಿಎನ್ ಹಾಕಿಕೊಂಡು ನೋಡಿದನಂತೆ. ಡಲ್ಲಾಸಿನ ಚಿಕ್ಕಪ್ಪನಿಗೂ ಕಾಣುತ್ತದಂತೆ. ಸಂತೋಷ. ದನಗಳಿಗೆ ಆ ಕೆರೆಯ ನೀರು ಕುಡಿಸುವವರಿಗೆ ಕಾಣುವುದಿಲ್ಲವಲ್ಲ! ಹಾಗಾಗಿ ಅಡ್ಡದಾರಿ ಸಿಕ್ಕಿತೆಂದು ಕೈಬಿಡಬೇಡ.

ಇಮೇಲ್ ಕಳಿಸುವ ಮುಂಚೆ ನನಗೊಮ್ಮೆ ತೋರಿಸು. ಬೈಗುಳವಿದ್ದರೆ ಹೊಡೆದುಹಾಕುತ್ತೇನೆ, ಅದಕ್ಕೆ ಸೆನ್ಸಾರ್ ಅನ್ನಬೇಡ, ವಕೀಲರ ಭಾಷೆಯಲ್ಲಿ ಡ್ರಾಫ್ಟಿಂಗ್ ಅನ್ನುತ್ತಾರೆ.

ಇಂತಿ,
ನಿನ್ನ ಮಾವ