ಮನೆಯಲ್ಲಿಯೂ ಕೆಲಸದಲ್ಲಿಯೂ ಅನಿಲದ ಅಪಾಯಗಳು

ಹೊಗೆ ಕವಿದ ಒಲೆಯ ಮುಂದೆ ನಮ್ಮ ತಾಯಂದಿರು ಪಟ್ಟ ಕಷ್ಟವು ಇಂದು ಬಹುಮಟ್ಟಿಗೆ ನೀಗಿ, ಹೆಚ್ಚಿನ ಮನೆಗಳಲ್ಲಿ ಅನಿಲದ ಒಲೆಯು ಉರಿಯುತ್ತಿರುವದು. ಇದು ಸಂತೋಷದ ಸಂಗತಿಯೇ. ಆದರೆ ಹೊಗೆಯು ಕಣ್ಣಿಗೆ ಕಾಣುತ್ತಿತ್ತು; ಅನಿಲವು ಕಾಣದು. ಅದರಿಂದುಂಟಾಗುವ ಅಪಾಯಗಳು ಎರಡು ವಿಧ. ಉರಿಯದೆ ಸೋರಿದ ಅನಿಲದಿಂದ ಒಂದು. ಅರೆಬರೆ ಉರಿದಾಗ ಹುಟ್ಟುವ ವಿಷಾನಿಲದಿಂದ ಇನ್ನೊಂದು. ಮೊದಲನೆಯದನ್ನು ಮೂಗು ಅರಿಯುವದು. ಎರಡನೆಯದನ್ನು ತಿಳುವಳಿಕೆಯು ಮಾತ್ರವೇ ಅರಿಯಬಲ್ಲದು.

ಅಡಿಗೆಯ ಅನಿಲದ ದುರ್ಗಂಧವು ಅದರ ಸಹಜ ಗುಣವಲ್ಲ. ಎಚ್ಚರಿಕೆಗೋಸ್ಕರ ಬೆರಸಿದ ಗಂಧಕಯುಕ್ತ ದ್ರವ್ಯದ್ದು. 1937ನೆಯ ಇಸವಿ ಮಾರ್ಚ್ 18ರಂದು ಅಮೇರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ಅನಿಲವು ಸೋರಿ ತುಂಬಿತ್ತು. ಯಾರಿಗೂ ಸುಳಿವು ಸಿಗಲಿಲ್ಲ. ಅದು ಸಿಡಿದಾಗ ಮಕ್ಕಳೂ ಶಿಕ್ಷಕರೂ ಸೇರಿ ಸುಮಾರು 300 ಮಂದಿ ಮಡಿದರು. ಅನಿಲಕ್ಕೆ ವಾಸನೆಯನ್ನು ಬೆರಸತಕ್ಕದ್ದೆಂದು ಆ ಪ್ರಾಂತದಲ್ಲಿ ಅದೇ ವರುಷ ವಿಧಿಸಲಾಯಿತು. ಇಷ್ಟು ಬೆಲೆ ತೆತ್ತು ದೊರೆತ ಎಚ್ಚರಿಕೆಯನ್ನು ನಾವು ಅಲಕ್ಷ್ಯ ಮಾಡಬಾರದು.

ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮೇಲೆಯೇ ಹರಡುವದು. ಆದಕಾರಣ ಕಿಟಕಿಗಳನ್ನು ಮಾತ್ರವಲ್ಲ, ಬಾಗಿಲುಗಳನ್ನೂ ತೆರೆದಿಡಬೇಕು. ರೆಗ್ಯುಲೇಟರನ್ನು ಮುಚ್ಚಬೇಕು. ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಯಾಕಂದರೆ ಎರಡರಲ್ಲಿಯೂ ಕಿಡಿ ಹುಟ್ಟುವದು. ಎಲ್ಲರೂ ಹೊರಗೆ ಬಂದ ಮೇಲೆ 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಸೋರಿಕೆಯ ಸಂಶಯವಿದ್ದಲ್ಲಿ ಸಾಬೂನಿನ ನೀರನ್ನು ಹಚ್ಚಿ ಗುಳ್ಳೆಯೇಳುವದೋ ಎಂದು ನೋಡಬೇಕೇ ಹೊರತು ಕಡ್ಡಿ ಗೀರಿ ನೋಡಬಾರದು. ರಬ್ಬರಿನ ಕೊಳವೆಯನ್ನು ಐದು ವರುಷಕ್ಕೊಮ್ಮೆ ಬದಲಾಯಿಸತಕ್ಕದ್ದು. ಸಿಲಿಂಡರಿನ ಕತ್ತಿನ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದೂ ವರುಷದ ಅಂಕೆಯೂ ಇರುವವು. ಇವು ಮೂರು ಮೂರು ತಿಂಗಳಿನ ಗುರುತುಗಳು. ‘ಬಿ 27’ ಎಂದಿದ್ದರೆ 2027ರ ಜೂನ್ ತಿಂಗಳೊಳಗೆ ಆ ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕೆಂದು ಅರ್ಥ. ಅವಧಿ ಮೀರಿದ್ದನ್ನು ತೆಗೆದುಕೊಳ್ಳಬಾರದು.

ಎರಡನೆಯ ಅಪಾಯವು ಇನ್ನೂ ಕಪಟವಾದದ್ದು. ಗಾಳಿ ಸಾಲದೆ ಉರಿಯುವ ಅನಿಲ, ಇದ್ದಲು, ಡೀಸೆಲ್ ಮೊದಲಾದವುಗಳಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುವದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅದನ್ನು ಹಿಡಿದುಕೊಳ್ಳುವದು. ಮೊದಲು ತಲೆನೋವು, ಓಕರಿಕೆ, ತಲೆತಿರುಗು, ಅನಂತರ ಮೂರ್ಛೆ. ಒಂದೇ ಕೋಣೆಯಲ್ಲಿದ್ದ ಹಲವರಿಗೆ ಏಕಕಾಲದಲ್ಲಿ ತಲೆನೋವು ಬಂದರೆ ಇದನ್ನೇ ಶಂಕಿಸಬೇಕು. ಮುಚ್ಚಿದ ಬಚ್ಚಲುಮನೆಯೊಳಗೆ ಅನಿಲದ ಗೀಜರನ್ನಿಟ್ಟು ಸ್ನಾನಕ್ಕೆ ಹೋದವರು ಬೆಂಗಳೂರಿನಂಥ ಪಟ್ಟಣಗಳಲ್ಲಿ ಪ್ರಾಣ ಕಳೆದುಕೊಂಡದ್ದುಂಟು. ಗೀಜರು ಬಚ್ಚಲಿನ ಹೊರಗೆ, ಗಾಳಿಯಾಡುವ ಸ್ಥಳದಲ್ಲಿರಬೇಕು. ಇದ್ದಲಿನ ಇಸ್ತ್ರಿಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಲ್ಲಿ ಉಪಯೋಗಿಸುವದೂ, ಅಂಗಡಿಯೊಳಗೆ ಜನರೇಟರನ್ನು ನಡಿಸುವದೂ, ಚಳಿಗಾಲದ ರಾತ್ರಿ ಕೆಂಡವನ್ನಿಟ್ಟು ಬಾಗಿಲು ಹಾಕಿ ಮಲಗುವದೂ ಇದೇ ಜಾತಿಯ ಅಪಾಯಗಳು. ಮೂರ್ಛೆಹೋದವರನ್ನು ತಡಮಾಡದೆ ಬಯಲಿಗೆ ತಂದು 108ಕ್ಕೆ ಕರೆಮಾಡಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಗೃಹಿಣಿಯರೂ ಶಿಕ್ಷಕಿಯರೂ ದಾದಿಯರೂ ವಸತಿಗೃಹಗಳ ಮೇಲ್ವಿಚಾರಕಿಯರೂ ಇರುವರು. ಇವರಿಗೆ ಈ ಸಂಗತಿಗಳಲ್ಲಿ ಕೆಲವು ತಿಳಿದೇ ಇರಬಹುದು. ಆದರೆ ಮನೆಯಲ್ಲಿ ಒಲೆ ಹಚ್ಚುವವಳು ಅನೇಕ ವೇಳೆ ಓದುಬಾರದ ಕೆಲಸದಾಕೆ. ಗೀಜರನ್ನು ತಿರುಗಿಸುವವನು ಶಾಲೆಗೆ ಹೊರಟ ಬಾಲಕ. ಬಲ್ಲವರ ತಿಳುವಳಿಕೆಯು ಇವರ ಕೈಗೆ ತಲಪುವ ತನಕ ಮನೆಯು ಸುರಕ್ಷಿತವಲ್ಲ. ಆದುದರಿಂದ ಈ ವಾರವೇ ರೆಗ್ಯುಲೇಟರನ್ನು ಮುಚ್ಚುವ ಬಗೆಯನ್ನು ಮನೆಮಂದಿಗೆಲ್ಲಾ ಒಬ್ಬೊಬ್ಬರಿಂದಲೂ ಮಾಡಿಸಿ ಕಲಿಸಬೇಕೆಂದು ಕೋರುತ್ತೇವೆ.