ಮಗಳ ತೂಕಕ್ಕೆ ಮೈದುನನ ಲೆಕ್ಕ

ಪ್ರಶ್ನೆ: ಮಗಳು ಐದನೇ ಇಯತ್ತೆ. ಶಾಲೆಗೆ ತಪಾಸಣೆಗೆ ಬಂದವರು ಎತ್ತರ 138 ಸೆಂ.ಮೀ., ತೂಕ 38 ಕೆಜಿ ಎಂದು ಬರೆದು ‘ಅತಿತೂಕ’ ಅಂದಿದ್ದಾರೆ. ಮೈದುನ ಮೊಬೈಲಿನಲ್ಲಿ ಲೆಕ್ಕ ಹಾಕಿ ‘ಎಲ್ಲಾ ಬರೋಬ್ಬರಿ ಐತಿ’ ಎನ್ನುತ್ತಾನೆ. ಮೈಕೈ ತುಂಬಿದ ಕೂಸಿಗೆ ದೃಷ್ಟಿಯಾಯಿತೆಂದು ಅತ್ತೆ ನಿವಾಳಿಸುತ್ತಾರೆ. ಗೆಳತಿಯರು ‘ಡುಮ್ಮಿ’ ಅಂದರೆಂದು ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ. ಯಾರ ಮಾತು ನಂಬಲಿ?
– ಒಬ್ಬ ತಾಯಿ, ಬೈಲಹೊಂಗಲ ತಾಲ್ಲೂಕು

ಉತ್ತರ: ತಂಗಿ, ಮೊದಲು ಇವತ್ತು ರಾತ್ರಿ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಉಣ್ಣಿಸಿ. ಬೆಳೆಯುವ ಹುಡುಗಿ ಉಪವಾಸ ಬೀಳಬಾರದು. ಲೆಕ್ಕ ಆಮೇಲೆ.

ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನಿಮ್ಮ ಮಗಳದು ಹತ್ತಿರಹತ್ತಿರ 20. ಮೈದುನ ನೋಡಿದ್ದು ದೊಡ್ಡವರ ಪಟ್ಟಿ. ಅದರಲ್ಲಿ ನಮ್ಮ ಜನಕ್ಕೆ 18.5ರಿಂದ 23ರ ಒಳಗಿದ್ದರೆ ಸರಿ. ಮಕ್ಕಳಿಗೆ ಅದು ಸಲ್ಲದು. ಅವರಿಗೆ ವಯಸ್ಸು ನೋಡಬೇಕು, ಹೆಣ್ಣೋ ಗಂಡೋ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯ ಪ್ರಕಾರ ಹತ್ತು ತುಂಬಿದ ಹುಡುಗಿಗೆ 19 ದಾಟಿದರೆ ಅತಿತೂಕ, 22.6 ದಾಟಿದರೆ ಬೊಜ್ಜು. ಶಾಲೆಯವರ ಚೀಟಿ ಸರಿಯಾಗಿಯೇ ಇದೆ. ಆದರೆ ಅದು ಬೊಜ್ಜು ಎಂದು ಹೇಳಿಲ್ಲ.

ಒಂದು ಮಾತು ಕೇಳುತ್ತೇನೆ. ಮಗಳ ಹುಟ್ಟಿದ ದಿನ ಶಾಲೆಯಲ್ಲಿ ಜೂನ್ 1 ಎಂದಿದೆಯೇ? ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲೂ ಶಾಲೆಗೆ ಹಚ್ಚುವಾಗ ಆ ತಾರೀಖು ಬರೆಸಿದ ಮನೆಗಳು ಬಹಳ. ತಾಯಿ ಕಾರ್ಡ್ ತೆಗೆದು ನೋಡಿ. ನಿಜದಲ್ಲಿ ಹನ್ನೊಂದು ತುಂಬಿದ್ದರೆ ಗೆರೆ 19.9ಕ್ಕೆ ಏರುತ್ತದೆ, ಆಗ ಮಗಳು ಗೆರೆಯ ಮೇಲೇ ನಿಂತಂತೆ. ಎತ್ತರವನ್ನೂ ಇನ್ನೊಮ್ಮೆ ಅಳೆಯಿರಿ: ಚಪ್ಪಲಿ ಬಿಚ್ಚಿಸಿ, ಜಡೆಯ ಗಂಟು ಸಡಿಲಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ. ಎರಡು ಸೆಂ.ಮೀ. ಕಡಿಮೆ ಬರೆದಿದ್ದರೂ 20 ಇದ್ದದ್ದು 19.4 ಆಗುತ್ತದೆ. ತೂಕದ ಯಂತ್ರ ಹಾಸುಗಲ್ಲಿನ ಸಂದಿಯ ಮೇಲೆ ಕೂತಿದ್ದರೆ ಅದನ್ನೂ ನಂಬಬೇಡಿ.

ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಸರಸರ ಎತ್ತರವಾಗುತ್ತಾರೆ. ತೂಕ 38ರಲ್ಲೇ ನಿಂತು ಎತ್ತರ 144 ಆದರೆ ಬಿಎಂಐ 18.3ಕ್ಕೆ ತಾನೇ ಇಳಿಯುತ್ತದೆ. ಅದಕ್ಕೇ ತೂಕ ಇಳಿಸುವ ಹಟ ಬೇಡ, ಏರುವುದನ್ನು ತಡೆದರೆ ಸಾಕು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಇವೆಲ್ಲ ಇರಲಿ. ಕುರುಕಲು ಪಾಕೀಟು, ಬಾಟಲಿ ಪಾನೀಯ, ಸಕ್ಕರೆ ಚಹಾ-ಬಿಸ್ಕೀಟು ಮನೆಮಂದಿಯೆಲ್ಲ ಬಿಡಿ. ಅವಳೊಬ್ಬಳಿಗೇ ಬೇಡ ಅಂದರೆ ಅದು ಶಿಕ್ಷೆಯಾಗುತ್ತದೆ. ಸಂಜೆ ಟ್ಯೂಷನ್‌ಗಿಂತ ಓಣಿಯ ಆಟ ಮೇಲು.

ಕುತ್ತಿಗೆಯ ಹಿಂದೆ ಉಜ್ಜಿದರೂ ಹೋಗದ ಕಪ್ಪು ಇದೆಯೇ? ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತಾಗಿರಬಹುದು. ಅದು ಕಂಡರೆ, ಅಥವಾ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದೊಳಗಿನವರ ತಪಾಸಣೆಯೂ ಮುಂದಿನ ಚಿಕಿತ್ಸೆಯೂ ಉಚಿತ. ಈ ಗುರುತುಗಳಿಲ್ಲದಿದ್ದರೆ ಮೂರು ತಿಂಗಳ ಮೇಲೆ ಅದೇ ಯಂತ್ರದಲ್ಲಿ ಮತ್ತೆ ತೂಗಿಸಿ.

ನಾಳೆ ಶಾಲೆಗೆ ಹೋಗಿ ಅಕ್ಕೋರನ್ನು ಕಾಣಿರಿ. ಮುಂದಿನ ಸಲ ತೂಗುವಾಗ ಅಂಕಿಯನ್ನು ಕೂಗಿ ಹೇಳದೆ ಚೀಟಿಯಲ್ಲಿ ಬರೆದು ಮನೆಗೆ ಕಳಿಸಿ ಎಂದು ಕೇಳಿಕೊಳ್ಳಿ.