ಪಿ-ಮೌಲ್ಯ ನೋಡಿ ನೀರು ಕುಡಿಯಬೇಡಿ

ಪ್ರಶ್ನೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೊಳವೆಬಾವಿಗಳ ಫ್ಲೋರೈಡ್ ಅಳತೆ ಹೋಲಿಸಲು ಟಿ-ಪರೀಕ್ಷೆ ಸಾಕೇ?

ಉತ್ತರ: ಸಾಲದು. ನಾಲ್ಕು ತಾಲ್ಲೂಕುಗಳನ್ನು ಎರಡೆರಡಾಗಿ ಹೋಲಿಸಿದರೆ ಆರು ಪರೀಕ್ಷೆಗಳಾಗಿ, ಆಕಸ್ಮಿಕವಾಗಿಯೇ ವ್ಯತ್ಯಾಸ ಕಾಣುವ ಸಂಭವ ಹೆಚ್ಚುತ್ತದೆ. ಫ್ಲೋರೈಡ್ ಬಾಧಿತ ಜಗಳೂರಿನ ಒಂದೆರಡು ಬಾವಿಗಳ ವಿಪರೀತ ಅಂಕಿಯೇ ಸರಾಸರಿಯನ್ನು ಮೇಲೆಳೆಯಬಹುದು. ಆದ್ದರಿಂದ ಮೊದಲು ಕ್ರುಸ್ಕಲ್-ವಾಲಿಸ್ ಪರೀಕ್ಷೆ ಮಾಡಿ. ವ್ಯತ್ಯಾಸ ಕಂಡರೆ ಮಾತ್ರ ಬಾನ್‌ಫೆರೋನಿ ತಿದ್ದುಪಡಿಯೊಂದಿಗೆ ಜೋಡಿ ಹೋಲಿಕೆಗೆ ಇಳಿಯಿರಿ. ಅವೇ ಬಾವಿಗಳನ್ನು ಮಳೆಗಾಲದ ಮುಂಚೆ ಮತ್ತು ನಂತರ ಅಳೆದಿದ್ದರೆ ವಿಲ್ಕಾಕ್ಸನ್ ಜೋಡಿ ಪರೀಕ್ಷೆ ಸೂಕ್ತ. ಪಿ-ಮೌಲ್ಯ ಹೆಚ್ಚಾಗಿ, ತಾಲ್ಲೂಕುಗಳ ನಡುವೆ ವ್ಯತ್ಯಾಸ ಸಿಗದಿದ್ದರೆ ನೀರು ಸುರಕ್ಷಿತ ಎನ್ನಬಹುದೇ? ಹಾಗಲ್ಲ, ಎಲ್ಲೆಡೆಯೂ ಕೆಟ್ಟಿರಬಹುದು. ಪ್ರತಿ ಬಾವಿಯನ್ನೂ ಐಎಸ್ 10500 ಮಿತಿಯೊಂದಿಗೆ ನೋಡಿ: ಲೀಟರಿಗೆ 1 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಮೀರಿದ್ದರೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗದು.